ನಾಳೆ ಬಾ

ಇಂಟರ್‌ವ್ಯೂಗೆ ಹೋಗುವವನಿಂದ ಮನೆಯವರಿಗೆ ಅಂಥ ತೊಂದರೆಯಿಲ್ಲ. ಬಚ್ಚಲುಮನೆ ಅರ್ಧ ಗಂಟೆ ಸಿಗುವುದಿಲ್ಲ, ದೇವರ ಮುಂದೆ ಒಂದು ಊದುಬತ್ತಿ ಹೆಚ್ಚಿಗೆ ಉರಿಯುತ್ತದೆ, ಅಷ್ಟೆ. ತಡೆದುಕೊಳ್ಳಲಾಗದವನು ಇಂಟರ್‌ವ್ಯೂ ಮುಗಿಸಿಕೊಂಡು ಬಂದವನು. ಇದು ಒಂದು ಜಾತಿಯ ಮಾತೇ ಹೊರತು ಯಾರೊಬ್ಬರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿಲ್ಲ. ಉದಾಹರಣೆಗೆ, ನಮ್ಮಕ್ಕನ ಮಗ.

ತಿಪಟೂರಿನಿಂದ ಬಂದು ರಾಜಾಜಿನಗರದ ನಮ್ಮ ಮನೆ ಹಾಲಿನಲ್ಲಿ ಹಾಸಿಗೆ ಬಿಡಿಸಿದವನು ಹನ್ನೊಂದು ತಿಂಗಳಲ್ಲಿ ಏಳು ಇಂಟರ್‌ವ್ಯೂ ಕೊಟ್ಟ. ಏಳಕ್ಕೂ ಒಂದೇ ತಿಳಿನೀಲಿ ಶರ್ಟು, ಒಂದೇ ಬೆಲ್ಟು. ಶರ್ಟು ಅವನದು, ಬೆಲ್ಟು ನನ್ನದು. ಅವನ ಸೊಂಟ ನನ್ನದರ ಮುಕ್ಕಾಲು ಪಾಲು. ಮೊಳೆ ಕಾಯಿಸಿ ಎರಡು ತೂತು ಹೆಚ್ಚಿಗೆ ಕೊರೆದುಕೊಂಡಿದ್ದ. ಅವನ ಇಂಟರ್‌ವ್ಯೂ ದಿನ ಆಫೀಸಿನಲ್ಲಿ ನನಗೆ ಒಂದು ಕೈಯಲ್ಲಿ ಫೈಲು, ಇನ್ನೊಂದು ಕೈಯಲ್ಲಿ ಪ್ಯಾಂಟು.

ಈ ಜಾತಿಯಲ್ಲಿ ಒಳಪಂಗಡಗಳುಂಟು. ಚಪ್ಪಲಿ ಬಿಡುವ ಮೊದಲೇ ಬರದ ಸಂಬಳಕ್ಕೆ ಬೈಕಿನ ಇಎಂಐ ಲೆಕ್ಕ ಹಾಕುವವನು. ‘ಅವ್ರಿಗೆ ಮೊದ್ಲೇ ಯಾರೋ ಫಿಕ್ಸ್ ಆಗಿದ್ರು’ ಎನ್ನುವವನು. ಕೇಳಿದ ಪ್ರಶ್ನೆಗೆ ಸರಿಯುತ್ತರ ವಾಪಸು ಬರುವ ಬಸ್ಸಿನಲ್ಲಿ ಹೊಳೆದು, ಅದನ್ನು ನಮ್ಮ ಮೇಲೆ ಸುರಿಯುವವನು. ನಮ್ಮವನು ಮೂರನ್ನೂ ಒಂದೇ ಸಂಜೆಯಲ್ಲಿ ಮುಗಿಸಿಬಿಡುತ್ತಿದ್ದ. ಅವನ ನಿಜವಾದ ಪಾಂಡಿತ್ಯ ಇದ್ದದ್ದು ಫಾಲೋಅಪ್‌ನಲ್ಲಿ.

ಔಟರ್ ರಿಂಗ್ ರೋಡಿನ ಒಂದು ಕಂಪನಿ. ಮೂರು ಸುತ್ತು ಮುಗಿದಿತ್ತು. 24 ಗಂಟೆಯೊಳಗೆ ಥ್ಯಾಂಕ್ಯೂ ಮೇಲ್ ಹೋಗಬೇಕು ಅಂತ ಯಾವುದೋ ವಿಡಿಯೋದಲ್ಲಿ ನೋಡಿದ್ದ. ಸಲಹೆ ತಪ್ಪಲ್ಲ. ಸಮಯ ಕೊಟ್ಟಿದ್ದಕ್ಕೆ ಒಂದು ಕೃತಜ್ಞತೆ, ಅಲ್ಲಿ ಆಡಿದ ಒಂದು ವಿಷಯದ ನೆನಪು, ಕೆಲಸದಲ್ಲಿ ಆಸಕ್ತಿಯಿದೆ ಎಂಬ ಮಾತು, ಕೆಳಗೆ ಹೆಸರು. ನಾಲ್ಕು ಸಾಲು. ಅದಕ್ಕೆ ಅವನಿಗೆ ನಾಲ್ಕು ಗಂಟೆ ಮತ್ತು ನನ್ನ ನಿದ್ದೆ ಬೇಕಾಯಿತು. ಮೂವತ್ತು ವರ್ಷ ಡ್ರಾಫ್ಟ್ ಬರೆದ ಗತ್ತಿನಲ್ಲಿ ನಾನೂ ‘ವಿತ್ ರೆಫರೆನ್ಸ್ ಟು ದಿ ಅಬೋವ್’ ಅಂತ ಶುರು ಮಾಡಿಸಿದೆ. ‘ಮಾವ, ಇದು ತಹಶೀಲ್ದಾರ್‌ಗೆ ಹೋಗ್ತಿಲ್ಲ’ ಅಂದ. ನನಗೆ ಸಿಟ್ಟು ಬಂತು. ಅವನೇ ಸರಿ ಎಂಬುದು ಗೊತ್ತಾಗಿ ಇನ್ನೂ ಹೆಚ್ಚು ಬಂತು.

ಕೊನೆಗೆ ಹಿಂದಿನ ತಿಂಗಳು ಬೇರೊಂದು ಕಂಪನಿಗೆ ಬರೆದಿದ್ದ ಮೇಲನ್ನೇ ತಿದ್ದಿ ತೀಡಿ ರಾತ್ರಿ ಹನ್ನೊಂದೂ ನಲವತ್ತಕ್ಕೆ ಕಳಿಸಿದ. ನಾನು ಕಣ್ಣು ಮುಚ್ಚಿದ್ದೆ. ‘ಮಾವಾ! ಹೆಸ್ರು!’ ಎಂಬ ಕೂಗಿಗೆ ನನ್ನ ಹೆಂಡತಿ ಹಾವು ಅಂತ ಮಂಚ ಹತ್ತಿದಳು. ಮೂರನೇ ಸಾಲಿನಲ್ಲಿ ಹಳೇ ಕಂಪನಿಯ ಹೆಸರು ಹಾಗೇ ಉಳಿದಿತ್ತು. ಜಿಮೇಲಿನಲ್ಲಿ ಕಳಿಸಿದ್ದನ್ನು ಹಿಂದಕ್ಕೆ ಎಳೆದುಕೊಳ್ಳಲು ಹೆಚ್ಚೆಂದರೆ 30 ಸೆಕೆಂಡು ಅವಕಾಶವಿದೆ. ನನಗೆ ಕನ್ನಡಕ ಸಿಗಲಿಕ್ಕೇ ಅದಕ್ಕಿಂತ ಹೆಚ್ಚು ಬೇಕು. ‘ಹಿಂದಿನ ಮೇಲ್ ನೋಡಬೇಡಿ’ ಅಂತ ಎರಡನೆಯದು ಹೋಯಿತು. ಅದರಲ್ಲಿ ರೆಸ್ಯೂಮೆ ಲಗತ್ತಿಸುವುದು ಮರೆತಿತ್ತು ಅಂತ ಮೂರನೆಯದು, ‘ಫೈನಲ್ ಫೈನಲ್ 3’ ಎಂಬ ಹೆಸರಿನ ಕಡತದ ಸಮೇತ. ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ ಎಚ್ಆರ್‌ಗೆ ಫೋನ್: ‘ಮೇಡಂ, ನನ್ ಮೊದಲ್ನೇ ಮೇಲ್ ದಯವಿಟ್ಟು ನೋಡ್ಬೇಡಿ ಅಂತ ಹೇಳೋಕ್ ಮಾಡ್ದೆ.’ ಅಲ್ಲಿಯತನಕ ಆ ಹೆಣ್ಣುಮಗಳು ನೋಡಿರಲಿಲ್ಲ. ‘ಒಂದ್ನಿಮಿಷ ಇರಿ’ ಅಂದು ನೋಡಿದರು.

ಆಮೇಲಿನದು ವಾಟ್ಸಾಪ್ ಪರ್ವ. 2014ರಲ್ಲಿ ನೀಲಿ ಗೆರೆ ತಂದ ಪುಣ್ಯಾತ್ಮರು ನಿರುದ್ಯೋಗಿ ಇರುವ ಮನೆಯಲ್ಲಿ ಒಂದು ವಾರ ಇದ್ದು ನೋಡಬೇಕಿತ್ತು. ಗೆರೆ ಬೂದುಬಣ್ಣದಲ್ಲಿದ್ದರೆ ಊಟ ಸೇರುವುದಿಲ್ಲ. ನೀಲಿಯಾದರೆ ಉತ್ತರವಿಲ್ಲವಲ್ಲ ಅಂತ ಸೇರುವುದಿಲ್ಲ. ‘ಒಂದು ವಾರದಲ್ಲಿ ತಿಳಿಸ್ತೀವಿ’ ಅಂದಿದ್ದರಂತೆ. ವಾರವೆಂದರೆ ಐದು ದಿನವೋ ಏಳೋ ಎಂಬ ಬಗ್ಗೆ ನಮ್ಮ ಅಡುಗೆಮನೆಯಲ್ಲಿ ಎರಡು ಪಕ್ಷಗಳಾದವು. ಇಂಟರ್‌ವ್ಯೂ ಮಾಡಿದವರೊಬ್ಬರು ಲಿಂಕ್ಡ್‌ಇನ್‌ನಲ್ಲಿ ಇವನ ಪ್ರೊಫೈಲ್ ನೋಡಿದರೆಂದು ತಿಳಿದ ದಿನ ನನ್ನ ಹೆಂಡತಿ ಕೇಸರಿಬಾತ್ ಮಾಡಿದಳು.

ಸರ್ಕಾರಿ ಕೆಲಸಕ್ಕಾದರೆ ಈ ಕಾಟ ಕಡಿಮೆ. ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಗ್ರೂಪ್ ಸಿ ಹುದ್ದೆಗಳಿಗೆ ಸಂದರ್ಶನವನ್ನೇ ತೆಗೆದುಹಾಕಿತು. ಶಿಫಾರಸು, ಲಂಚ ತಪ್ಪಲಿ ಅಂತ ಮಾಡಿದ್ದಂತೆ. ಅಭ್ಯರ್ಥಿಗಳ ಸೋದರಮಾವಂದಿರಿಗಾದ ಉಪಕಾರವನ್ನು ಯಾರೂ ಎತ್ತಿ ಹೇಳಲಿಲ್ಲ.

ಇಷ್ಟೆಲ್ಲ ಬೈದವನು ನಾನೇನು ಸಾಚಾ? 1991ರಲ್ಲಿ ನಾನು ಇಂಟರ್‌ವ್ಯೂ ಕೊಟ್ಟು ಬಂದಾಗ ಮೇಲ್ ಇರಲಿಲ್ಲ, ಪೋಸ್ಟ್‌ಮ್ಯಾನ್ ಇದ್ದ. ದಿನಾ ಬೆಳಿಗ್ಗೆ ಅಂಚೆಕಚೇರಿ ಜಗಲಿಯಲ್ಲಿ ನಿಂತು, ಚೀಲ ಬಿಚ್ಚುವಾಗ ಕತ್ತು ಚಾಚುತ್ತಿದ್ದೆ. ಹದಿನೈದು ದಿನವಾದ ಮೇಲೆ ಅವನು ನಮ್ಮ ಬೀದಿ ಬಿಟ್ಟು ಹಿಂದಿನ ಓಣಿಯಲ್ಲಿ ಸೈಕಲ್ ತಳ್ಳಿಕೊಂಡು ಹೋಗತೊಡಗಿದ. ನಾನೂ ಓಣಿಗೆ ಹೋದೆ. ‘ಬಂದ್ರೆ ನಾನೇ ಇಟ್ಕೊಂಡು ಏನ್ ಮಾಡ್ಲಿ ಸ್ವಾಮಿ’ ಅಂತ ಕೈಮುಗಿದ. ಆದರೂ ಮುಖ ಕೊಟ್ಟು ಇಲ್ಲ ಅಂದನಲ್ಲ.

ಈಗಿನವರು ಆ ಮರ್ಯಾದೆಯನ್ನೂ ಇಟ್ಟುಕೊಂಡಿಲ್ಲ. ಮೂರು ಸುತ್ತು ಕೂರಿಸಿ, ಐದು ವರ್ಷದ ಮೇಲೆ ಎಲ್ಲಿರ್ತೀಯ ಅಂತ ಕೇಳಿ, ಆಮೇಲೆ ಬೇಡ ಎನ್ನುವ ಎರಡು ಸಾಲಿಗೆ ಬಡತನ. ಇದಕ್ಕೆ ಘೋಸ್ಟಿಂಗ್ ಅಂತ ಹೆಸರಂತೆ. ನಮ್ಮ ಕಾಲದ ದೆವ್ವ ವಾಸಿ, ಬಾಗಿಲಿಗೆ ಬಂದು ಹೆಸರು ಹಿಡಿದು ಕೂಗುತ್ತಿತ್ತು. ತೊಂಬತ್ತರ ದಶಕದಲ್ಲಿ ಮನೆಮನೆಯ ಬಾಗಿಲ ಮೇಲೂ ‘ನಾಳೆ ಬಾ’ ಅಂತ ಬರೆದಿದ್ದರು. ದೆವ್ವ ಓದಿಕೊಂಡು ಹಿಂತಿರುಗಿ, ಮಾರನೇ ದಿನ ಬಂದು ಮತ್ತೆ ಅದನ್ನೇ ಓದುತ್ತಿತ್ತಂತೆ. ಕಂಪನಿ ಬಾಗಿಲ ಮೇಲಿನ ‘ತಿಳಿಸ್ತೀವಿ’ಯನ್ನು ನಮ್ಮ ಹುಡುಗ ದಿನಾ ಹೋಗಿ ಓದಿಕೊಂಡು ಬರುತ್ತಿದ್ದ, ಅದೇ ಶ್ರದ್ಧೆಯಿಂದ.

ಮೂರನೇ ವಾರ, ಶುಕ್ರವಾರ ಸಂಜೆ, ಉತ್ತರ ಬಂತು. ಬೇಡ ಅಂತ. ಹುಡುಗ ತಾರಸಿಗೆ ಹೋಗಿ ನೀರಿನ ಟ್ಯಾಂಕಿನ ಪಕ್ಕ ಕೂತ. ಕತ್ತಲಾದ ಮೇಲೆ ಇಳಿದು ಬಂದು, ಯಾರನ್ನೂ ಕೇಳದೆ ಲ್ಯಾಪ್‌ಟಾಪ್ ತೆಗೆದ. ಎರಡೇ ಸಾಲು: ತಿಳಿಸಿದ್ದಕ್ಕೆ ವಂದನೆ, ಮುಂದೆ ಅವಕಾಶವಿದ್ದರೆ ನೆನಪಿಸಿಕೊಳ್ಳಿ. ಕಂಪನಿಯ ಹೆಸರು ಸರಿಯಾಗಿತ್ತು. ಒಂದು ‘ದಿ’ ತಪ್ಪಿತ್ತು, ನಾನು ಸುಮ್ಮನಿದ್ದೆ. ‘ಅತ್ತೆ, ಕಾಫಿ ಇದ್ಯಾ?’ ಅಂದ.

ಎರಡು ತಿಂಗಳ ಮೇಲೆ ಅಲ್ಲಿಂದಲೇ ಫೋನ್ ಬಂತು. ಆಯ್ಕೆಯಾಗಿದ್ದವನು ಹಳೇ ಕಂಪನಿಯ 90 ದಿನದ ನೋಟಿಸ್ ಪೀರಿಯಡ್ ಮುಗಿಯುವಷ್ಟರಲ್ಲಿ ಈ ಆಫರ್ ತೋರಿಸಿ ಇನ್ನೊಂದು ಕಡೆ ಹೆಚ್ಚಿಗೆ ಗಿಟ್ಟಿಸಿಕೊಂಡಿದ್ದ. ನಮ್ಮಕ್ಕ ಊರ ದೇವರಿಗೆ ಹೊತ್ತ ಹರಕೆ ಎನ್ನುತ್ತಾಳೆ. ಆ ಎರಡು ಸಾಲು ಅಂತ ನಾನು ಎದೆ ತಟ್ಟಿ ಹೇಳಲಾರೆ.

ಈಗ ಬೆಳ್ಳಂದೂರಿನಲ್ಲಿ ಪಿಜಿಯಲ್ಲಿದ್ದಾನೆ. ಮನೆ ಹಾಲ್ ಖಾಲಿಯಾಗಿದೆ, ಟೀವಿ ಮುಂದೆ ಕಾಲು ಚಾಚಲು ಜಾಗವಾಗಿದೆ. ರಾತ್ರಿ ಹನ್ನೊಂದೂ ನಲವತ್ತಕ್ಕೆ ಯಾಕೋ ಎಚ್ಚರವಾಗುತ್ತದೆ. ಹೋಗುವಾಗ ಬೆಲ್ಟು ಕಟ್ಟಿಕೊಂಡೇ ಹೋದ. ಕಳಿಸಿಕೊಡೋ ಅಂತ ಎರಡು ಸಲ ಮೆಸೇಜ್ ಹಾಕಿದ್ದೇನೆ. ಎರಡಕ್ಕೂ ನೀಲಿ ಗೆರೆ ಬಂದಿದೆ.