ಮರಗಸಿ: ಕೆಳಗೆ ನಿಲ್ಲುವವರ ಕೈಪಿಡಿ

ಮರ ಹತ್ತುವವರಿಗೆ ಈ ಕೈಪಿಡಿಯಿಂದ ಏನೂ ಉಪಯೋಗವಿಲ್ಲ. ಅವರಿಗೆ ಗೊತ್ತಿರುವುದನ್ನು ಬರೆಯಲು ನನಗೆ ಬರುವುದಿಲ್ಲ, ನಾನು ಬರೆದದ್ದನ್ನು ಓದಲು ಅವರಿಗೆ ಪುರುಸೊತ್ತಿಲ್ಲ. ಇದು ಕಾಫಿ ತೋಟದಲ್ಲಿ ಮರಗಸಿ ನಡೆಯುವಾಗ ಕೆಳಗೆ ನಿಂತು, ಕತ್ತು ಮೇಲೆತ್ತಿ, ಬಾಯಿ ತೆರೆದು ಕೈ ತೋರಿಸುವ ನಮ್ಮಂಥ ತೋಟದವರಿಗಾಗಿ. ಮೊದಲನೇ ಸೂಚನೆ: ಬಾಯಿ ಮುಚ್ಚಿಕೊಂಡು ಮೇಲೆ ನೋಡಿ. ಗರಗಸದ ಪುಡಿ, ಒಣತೊಗಟೆ, ಚಗಳಿ ಇರುವೆ, ಮೇಸ್ತ್ರಿ ಉಗಿದ ಎಲೆಅಡಿಕೆ ಎಲ್ಲ ಬರುವುದು ಮೇಲಿನಿಂದಲೇ.

ಬಯಲುಸೀಮೆಯವರಿಗಾಗಿ ಎರಡು ಮಾತು. ಮೂಡಿಗೆರೆ, ಸಕಲೇಶಪುರ, ಕೊಡಗಿನ ಕಡೆ ಕಾಫಿ ಬೆಳೆಯುವುದು ಮರದ ನೆರಳಲ್ಲಿ. ಮೇಲೆ ಅತ್ತಿ, ಬಸರಿ, ಹಲಸು, ನಂದಿ, ಮತ್ತಿ. ಅವುಗಳ ನಡುವೆ ಆಸ್ಟ್ರೇಲಿಯಾದಿಂದ ಬಂದು ಈಗ ನಮಗಿಂತ ಹಳೇ ಒಕ್ಕಲಿನ ಹಾಗೆ ನಿಂತಿರುವ ಸಿಲ್ವರ್ ಓಕ್. ಅದರ ಕೆಳಗೆ ಹಾಲವಾಣ, ಎಲ್ಲಕ್ಕಿಂತ ಕೆಳಗೆ ಕಾಫಿ. ನೆರಳು ಹೆಚ್ಚಾದರೆ ಫಸಲು ಕಡಿಮೆ, ಮಳೆಗಾಲದಲ್ಲಿ ಗಾಳಿಯಾಡದೆ ಕೊಳೆರೋಗ. ನೆರಳು ಕಡಿಮೆಯಾದರೆ ಬಿಸಿಲಿಗೆ ಎಲೆ ಸುಡುತ್ತದೆ, ಅರೇಬಿಕಾ ಆಗಿದ್ದರೆ ಬಿಳಿ ಕಾಂಡಕೊರಕ ಬಿಡಾರ ಹೂಡುತ್ತದೆ. ಈ ಎರಡರ ನಡುವೆ ಎಷ್ಟು ಬಿಸಿಲು ಬಿಡಬೇಕೋ ಅಷ್ಟಕ್ಕೆ ಮೇಲಿನ ಕೊಂಬೆ ತೆಗೆಸುವುದೇ ಮರಗಸಿ. ಮರ ಕಡಿಯುವುದಲ್ಲ, ಬೋಳಿಸುವುದೂ ಅಲ್ಲ. ಪಟ್ಟಣದಲ್ಲಿ ತಂತಿಗೆ ತಾಗುತ್ತದೆಂದು ಮರದ ಒಂದೇ ಪಕ್ಕವನ್ನು ಕೆರೆದು, ಮುಂದಿನ ಗಾಳಿಗೆ ಅದು ಇನ್ನೊಂದು ಪಕ್ಕಕ್ಕೆ ಮಲಗಲೆಂದು ಬಿಟ್ಟುಹೋಗುತ್ತಾರಲ್ಲ, ಅದಂತೂ ಖಂಡಿತ ಅಲ್ಲ.

ಕಾಲ ಗೊತ್ತುಮಾಡುವುದು ಬಹಳ ಸುಲಭ. ಹೂವಿನ ಮಳೆಯಾಗಿ, ಅದರ ಬೆನ್ನಿಗೆ ಇನ್ನೊಂದು ಮಳೆಯೂ ಆಗಿ, ಮುಂಗಾರು ಇನ್ನೇನು ಹೊಸಿಲಿಗೆ ಬಂತು ಅನ್ನುವಾಗ ಮಾಡಿಸಬೇಕು. ಮುಂಚೆಯೇ ಮಾಡಿಸಿದಿರೋ, ಏಪ್ರಿಲ್-ಮೇ ಬಿಸಿಲು ನೇರ ಗಿಡದ ಮೇಲೆ. ಕಾಂಡಕೊರಕದ ದುಂಬಿ ಹೊರಬಂದು ಹಾರುವ ಕಾಲವೂ ಅದೇ. ಬಿಸಿಲು ಬಿದ್ದ ಕಾಂಡದ ತೊಗಟೆಯ ಬಿರುಕು ಅದಕ್ಕೆ ಹೆರಿಗೆಮನೆ. ತಡಮಾಡಿದಿರೋ, ಮಳೆ ಹಿಡಿದು ಮರದ ಮೈ ಪಾಚಿಗಟ್ಟುತ್ತದೆ. ಆಮೇಲೆ ಯಾರೂ ಹತ್ತುವುದಿಲ್ಲ, ಹತ್ತಿಸಲೂಬಾರದು. ಒಟ್ಟಿನಲ್ಲಿ ನಿಮಗೆ ಸಿಗುವುದು ಎರಡು-ಮೂರು ವಾರ. ಅದೇ ಎರಡು-ಮೂರು ವಾರ ಇಡೀ ತಾಲ್ಲೂಕಿಗೂ ಸಿಗುತ್ತದೆ. ಮರಗಸಿಯವರು ಮಾತ್ರ ಇದ್ದಷ್ಟೇ ಜನ.

ಆದ್ದರಿಂದ ಜನವರಿಯಲ್ಲಿ, ಕಾಫಿ ಕುಯ್ಲಿನ ಗಲಾಟೆಯ ನಡುವೆಯೇ, ಮೇಸ್ತ್ರಿಗೆ ಫೋನ್ ಮಾಡಿ ಆರೋಗ್ಯ ವಿಚಾರಿಸಿ. ಯುಗಾದಿಗೆ ಅಡ್ವಾನ್ಸ್ ಕೊಡಿ. ಅವರ ಮನೆಯ ಮದುವೆಗೆ ತಪ್ಪದೆ ಹೋಗಿ, ಊಟ ಮಾಡಿಯೇ ಬನ್ನಿ. ಇಷ್ಟಾದ ಮೇಲೂ ಮೇ ತಿಂಗಳಲ್ಲಿ ಕೇಳಿದರೆ ಸಿಗುವ ಉತ್ತರ: “ನಾಳೆ ಬತ್ತೀನಿ ಗೌಡ್ರೆ.” ಈ ವಾಕ್ಯದಲ್ಲಿ ‘ನಾಳೆ’ ಎಂಬುದನ್ನು ದಿನ ಎಂದು ಓದಬಾರದು, ಸಮಾಧಾನ ಎಂದು ಓದಿಕೊಳ್ಳಬೇಕು.

ಕೂಲಿ ಎರಡು ಥರ. ಮರದ ಲೆಕ್ಕಕ್ಕೆ ಕೊಟ್ಟರೆ ಸಂಜೆಯೊಳಗೆ ತೋಟ ಮೈದಾನವಾಗುತ್ತದೆ. ಆಳಿನ ಲೆಕ್ಕಕ್ಕೆ ಕೊಟ್ಟರೆ ಒಂದೊಂದು ಮರದ ಮೇಲೂ ಒಂದೊಂದು ಎಲೆಅಡಿಕೆ ಮುಗಿಯುತ್ತದೆ. ನಾನು ಆಳಿನ ಲೆಕ್ಕದವನು. ಎಲೆಅಡಿಕೆ ಅಗ್ಗ, ಮರ ದುಬಾರಿ.

ಬೇಕಾಗುವ ಸಾಮಾನು. ಮೇಲೆ ಹೋಗುವವರಿಗೆ: ಕತ್ತಿ, ಅದನ್ನು ಸಿಕ್ಕಿಸಿಕೊಳ್ಳಲು ಸೊಂಟಕ್ಕೆ ಕಟ್ಟುವ ಮರದ ಕೊಕ್ಕೆ, ಕೈಗರಗಸ, ಕೊಂಬೆಗೊಂದು ಹಗ್ಗ, ತನಗೊಂದು ಹಗ್ಗ. ಕೆಳಗಿರುವವರಿಗೆ: ಒಂದು ಕೊಡೆ, ಒಂದು ಅಭಿಪ್ರಾಯ. ಕೊಡೆಯನ್ನು ಬಿಚ್ಚಬಹುದು.

ಏಣಿಯ ವಿಚಾರಕ್ಕೆ ಬಂದಾಗ ತಮಾಷೆ ಬಿಡುತ್ತೇನೆ. ಹಳೇ ಏಣಿ ಒಂಟಿ ಬಿದಿರಿನದು. ಗಿಣ್ಣಿನ ಹತ್ತಿರ ಕವಲನ್ನು ಚೂರು ಉಳಿಸಿ ಸವರಿರುತ್ತಾರೆ, ಮೆಟ್ಟಿಲೆಂದರೆ ಅದೇ, ಹೆಬ್ಬೆರಳು ಊರಿದರೆ ಮುಗಿಯಿತು. ಭಾರ, ಎರಡು ಜನ ಹೊರಬೇಕು. ಅಲ್ಯೂಮಿನಿಯಂ ಏಣಿ ಹಗುರ, ಒಬ್ಬನೇ ನಿಲ್ಲಿಸಿಕೊಂಡೇ ಒಂದು ಮರದಿಂದ ಇನ್ನೊಂದು ಮರಕ್ಕೆ ಒಯ್ಯಬಹುದು. ಅನಾಹುತವಾಗುವುದು ಹಾಗೆ ಒಯ್ಯುವಾಗಲೇ. ನಮ್ಮ ತೋಟಗಳ ನಡುವೆ ಕರೆಂಟಿನ ಲೈನು ಹಾದುಹೋಗಿದೆ, ಕೊಂಬೆಗಳ ಮರೆಯಲ್ಲಿ ತಂತಿ ಕಾಣುವುದಿಲ್ಲ. ಏಣಿ ತಂತಿಗೆ ತಾಗಿ ಸತ್ತವರ ಸುದ್ದಿ ಮರಗಸಿಯ ಕಾಲದಲ್ಲಿ, ಕಾಳುಮೆಣಸು ಕುಯ್ಯುವ ಕಾಲದಲ್ಲಿ ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲಾಗಿ ಬರುತ್ತಲೇ ಇರುತ್ತದೆ. ಲೈನಿನ ಪಕ್ಕದ ಮರಗಳಿಗೆ ಬಿದಿರಿನ ಏಣಿಯನ್ನೇ ಹೊರಿಸಿ. ಲೈನ್‌ಮನ್‌ಗೆ ಹೇಳಿ ಕರೆಂಟ್ ತೆಗೆಸಿ, ತೆಗೆದದ್ದು ಖಾತ್ರಿಯಾಗುವ ತನಕ ಯಾರನ್ನೂ ಬುಡಕ್ಕೂ ಬಿಡಬೇಡಿ. ಈ ಕೈಪಿಡಿಯಲ್ಲಿ ಅಕ್ಷರಶಃ ಪಾಲಿಸಬೇಕಾದ ಸೂಚನೆ ಇದೊಂದೇ.

ಇನ್ನು ಮುಖ್ಯ ಪ್ರಶ್ನೆ: ಯಾವ ಕೊಂಬೆ? ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನೆ ನಡೆಯುತ್ತಿದೆ. ಓದಿದವರನ್ನು ಕೇಳಿದರೆ ನೆರಳು ಚದುರಿದಂತೆ ಇರಬೇಕು ಅನ್ನುತ್ತಾರೆ. ಸರಿಯೇ. ಆದರೆ ಚದುರಿದ ನೆರಳನ್ನು ಅಳೆಯುವ ಟೇಪು ಮೂಡಿಗೆರೆಯ ಅಂಗಡಿಗಳಲ್ಲಿ ನನಗಿನ್ನೂ ಸಿಕ್ಕಿಲ್ಲ. ಹಾಗಾಗಿ ನಾನು ಬಹಳ ವರ್ಷ ಕೈ ತೋರಿಸಿಯೇ ಕೆಲಸ ನಡೆಸಿದೆ. “ಮೇಸ್ತ್ರಿ, ಆ ದಪ್ಪ ಕೊಂಬೆ ತೆಗೀರಿ.” ಮೇಲಿನಿಂದ “ಯಾವುದು?” “ಅದೇ, ಎಡಗಡೇದು.” “ಯಾರ ಎಡಗಡೆ ಗೌಡ್ರೆ?” ಅವರು ಮರಕ್ಕೆ ಎದೆ ಕೊಟ್ಟು ಕೂತಿರುತ್ತಾರೆ, ನಾನು ಆ ಕಡೆ ನಿಂತಿರುತ್ತೇನೆ. ಹೀಗೆ ನನ್ನ ಎಡ ಅವರ ಬಲವಾಗಿ ಒಂದು ನಂದಿಮರ ಇವತ್ತಿಗೂ ಒಂದೇ ಕೈ ಎತ್ತಿ ನಿಂತಿದೆ.

ಒಂದು ಸಲ ಬಸರಿ ಮರದ ಕೆಳಗೆ ಹೀಗೇ ಕೂಗುತ್ತಿದ್ದೆ. ಮೇಸ್ತ್ರಿ ಸರಸರ ಇಳಿದುಬಂದರು. ಜಗಳಕ್ಕೇ ಬಂದರೇನೋ ಅಂದುಕೊಂಡೆ. ಅವರು ನನ್ನನ್ನು ನೋಡಲೇ ಇಲ್ಲ, ಮರವನ್ನೂ ನೋಡಲಿಲ್ಲ. ಬೀಡಿ ಹಚ್ಚಿ ಕುಕ್ಕರಗಾಲಲ್ಲಿ ಕೂತು ನೆಲ ನೋಡತೊಡಗಿದರು. ನೆತ್ತಿಯ ಮೇಲೆ ಸೂರ್ಯ. ದರಗಿನ ಮೇಲೆ ಬಿಸಿಲು ಅಲ್ಲೊಂದು ಇಲ್ಲೊಂದು ಬಿಲ್ಲೆಯಾಗಿ ಬಿದ್ದಿತ್ತು, ಗಾಳಿ ಬಂದಾಗ ಬಿಲ್ಲೆಗಳು ಗಿಡದಿಂದ ಗಿಡಕ್ಕೆ ಹಾರಿ ಮತ್ತೆ ಜಾಗಕ್ಕೆ ಬರುತ್ತಿದ್ದವು. “ಮೇಲೆ ನೋಡಿದ್ರೆ ಏನ್ ಗೊತ್ತಾಯ್ತದೆ ಗೌಡ್ರೆ? ಕೆಳಗೆ ನೋಡಿ” ಅಂದರು. ನೋಡಿದೆ. ಎಲ್ಲ ಗಿಡಕ್ಕೂ ಬಿಲ್ಲೆ ಬೀಳುತ್ತಿತ್ತು, ಮೂರು ಗಿಡ ಬಿಟ್ಟು. ಆ ಮೂರರ ಬುಡದಲ್ಲಿ ಗಾಳಿ ಬಂದರೂ ಕತ್ತಲೆ. ಮೇಸ್ತ್ರಿ ಅಲ್ಲೇ ಮಲಗಿ ಒಂದು ಕಣ್ಣು ಮುಚ್ಚಿ ಮೇಲೆ ನೋಡಿದರು. ನಾನು ತೋರಿಸಿದ ದಪ್ಪ ಕೊಂಬೆಗೂ ಆ ಕತ್ತಲೆಗೂ ಸಂಬಂಧವೇ ಇರಲಿಲ್ಲ. ಅದರ ಹಿಂದೆ ತೋಳಿನಷ್ಟು ದಪ್ಪದ ಕವಲೊಂದು ಎಲೆಯನ್ನೆಲ್ಲ ಒಂದೇ ಕಡೆ ಗುಪ್ಪೆ ಹಾಕಿಕೊಂಡು ಕೂತಿತ್ತು. ಹತ್ತಿ ಅದೊಂದನ್ನು ತೆಗೆದರು. ಮೂರೂ ಗಿಡಕ್ಕೆ ಬಿಲ್ಲೆ ಬಿತ್ತು. ದಪ್ಪ ಕೊಂಬೆ ಉಳಿಯಿತು, ಅದರ ಮೇಲಿದ್ದ ನನ್ನ ಅಭಿಪ್ರಾಯ ಹೋಯಿತು.

ಆದ್ದರಿಂದ ತಿದ್ದುಪಡಿ: ಕತ್ತು ಮೇಲೆತ್ತುವುದನ್ನು ಬಿಡಿ. ಮಧ್ಯಾಹ್ನದ ತನಕ ಸುಮ್ಮನಿದ್ದು, ನೆಲ ನೋಡಿ, ಆಮೇಲೂ ಸುಮ್ಮನಿರಿ.

ಕಡಿಯುವ ಕ್ರಮ. ದಪ್ಪ ಕೊಂಬೆಯನ್ನು ಮೇಲಿನಿಂದ ನೇರ ಕೊಯ್ದರೆ ಅದು ಅರ್ಧಕ್ಕೇ ಮುರಿದು, ಬುಡದ ತೊಗಟೆಯನ್ನು ಉದ್ದಕ್ಕೆ ಸುಲಿದುಕೊಂಡೇ ಬೀಳುತ್ತದೆ. ಅದಕ್ಕೆ ಮೊದಲು ಕೆಳಗಿನಿಂದ ಒಂದು ಕಚ್ಚು, ಆಮೇಲೆ ಅದಕ್ಕಿಂತ ತುಸು ಆಚೆ ಮೇಲಿನಿಂದ ಕೊಯ್ತ, ಭಾರವೆಲ್ಲ ಇಳಿದ ಮೇಲೆ ಉಳಿದ ಮೋಟನ್ನು ಬೇರೆಯಾಗಿ ತೆಗೆಯುವುದು. ಮೋಟು ಉದ್ದ ಬಿಟ್ಟರೆ ಕೊಳೆಯುತ್ತದೆ. ಕಾಂಡಕ್ಕೆ ಸಾಪಾಗಿ ಹೆರೆದರೆ ಇನ್ನೂ ಕೆಟ್ಟದ್ದು. ಕೊಂಬೆಯ ಬುಡದಲ್ಲಿ ಸುಕ್ಕುಗಟ್ಟಿದ ಉಬ್ಬೊಂದು ಬಳೆಯಂತೆ ಇರುತ್ತದೆ, ಗಾಯ ಮುಚ್ಚುವ ಶಕ್ತಿ ಇರುವುದು ಅಲ್ಲಿ. ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶೈಗೋ ಲೆಕ್ಕವಿಲ್ಲದಷ್ಟು ಮರಗಳನ್ನು ಉದ್ದುದ್ದ ಸೀಳಿ ತೋರಿಸಿಕೊಟ್ಟದ್ದು ಇದನ್ನೇ: ನಮ್ಮ ಚರ್ಮದ ಹಾಗೆ ಮರದ ಗಾಯ ಮಾಯುವುದಿಲ್ಲ, ಮರ ಗಾಯದ ಸುತ್ತ ಒಳಗೊಳಗೇ ಗೋಡೆ ಕಟ್ಟಿ, ಹೊರಗೆ ಹೊಸ ಪದರ ಬೆಳೆಸಿ ಅದನ್ನು ಮುಚ್ಚಿಹಾಕುತ್ತದೆ. ನಮ್ಮ ಮೇಸ್ತ್ರಿ ಶೈಗೋ ಹೆಸರು ಕೇಳಿದವರಲ್ಲ. “ಬಳೆ ಬಿಟ್ಟು ಕಡೀಬೇಕು” ಅನ್ನುತ್ತಾರೆ, ಅಷ್ಟೆ. ಅವರು ಸಿಗದ ಒಂದು ವರ್ಷ ಬೇರೆ ತಂಡದಿಂದ ಹಲಸಿನ ಮರವನ್ನು ನೀಟಾಗಿ, ಕಂಬದ ಹಾಗೆ ಸವರಿಸಿದ್ದೆ. ನೀಟಾಗಿರಲಿ ಎಂದವನು ನಾನೇ. ಈಗ ಅದರ ಪೊಟರೆಯಲ್ಲಿ ಕುಟ್ರ ಹಕ್ಕಿಯ ಸಂಸಾರವಿದೆ. ಹಕ್ಕಿಯ ಕಡೆಯಿಂದ ದೂರಿಲ್ಲ.

ಬೀಳಿಸುವುದಕ್ಕಿಂತ ಇಳಿಸುವುದು ಕಷ್ಟ. ಕೆಳಗೆ ಕಾಫಿ ಗಿಡ. ಒಂದು ಮುರಿದರೆ ಹೊಸದು ನೆಟ್ಟು ಫಸಲು ಕಾಣಲು ಮೂರು-ನಾಲ್ಕು ವರ್ಷ. ಮರಕ್ಕೆ ಮೆಣಸಿನ ಬಳ್ಳಿ ಬೇರೆ ತಬ್ಬಿಕೊಂಡಿರುತ್ತದೆ, ಏಣಿ ಸರಿಯಾಗಿ ಒರಗಿಸದಿದ್ದರೆ ಬಳ್ಳಿಯೇ ಕಿತ್ತುಬರುತ್ತದೆ. ಹಗ್ಗವನ್ನು ಮೇಲಿನ ಕವಲಿಗೆ ಹಾಯಿಸಿ, ಕೆಳಗೆ ಇನ್ನೊಂದು ಮರಕ್ಕೆ ಎರಡು ಸುತ್ತು ಹಾಕಿ ಹಿಡಿದರೆ ಆನೆಮರಿಯಂಥ ಕೊಂಬೆಯೂ ಒಬ್ಬನ ಕೈಗೆ ಬಗ್ಗುತ್ತದೆ. ಸುತ್ತು ಹಾಕದೆ ಬರಿಗೈಲಿ ಹಿಡಿದರೆ ಏನಾಗುತ್ತದೆಂದು ನನ್ನ ಬಲಗೈ ನೋಡಿದವರಿಗೆ ಗೊತ್ತು.

ಹೆಜ್ಜೇನು ಕಂಡರೆ ಆ ಮರವನ್ನು ಮುಂದಿನ ವರ್ಷಕ್ಕೆ ಬಿಡಿ. ಚಗಳಿಯ ಗೂಡು ಕಂಡರೆ ಮೇಸ್ತ್ರಿ ಬೈದುಕೊಂಡೇ ಹತ್ತುತ್ತಾರೆ, ಮನೆಗೆ ಚಟ್ನಿಗಾಗುತ್ತದೆ. ಕೆಳಗೆ ಬಿದ್ದ ಹಾಲವಾಣದ ಸೊಪ್ಪನ್ನು ಸಾಲಿನ ನಡುವೆ ಹಾಸಿಬಿಡಿ, ದ್ವಿದಳ ಜಾತಿ, ಒಳ್ಳೆ ಗೊಬ್ಬರ. ದಪ್ಪದ್ದು ಸೌದೆಗೆ. ಇಡೀ ಮರವನ್ನೇ ಉರುಳಿಸುವ ಆಸೆ ಹುಟ್ಟಿದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ನೆನಪಿರಲಿ. ಸಿಲ್ವರ್ ಓಕ್, ಹಾಲವಾಣಗಳಿಗೆ ಅದರಲ್ಲಿ ವಿನಾಯಿತಿ ಇದೆ. ಕಾಡುಮರಗಳಿಗೆ ಅರ್ಜಿ ಹಾಕಬೇಕು, ಅರ್ಜಿಯ ಉತ್ತರ ಬರುವಷ್ಟರಲ್ಲಿ ಆಸೆ ಹೋಗಿರುತ್ತದೆ. ಕಾಯ್ದೆಯ ಉದ್ದೇಶವೂ ಅದೇ ಇರಬೇಕು.

ಮೇಸ್ತ್ರಿಯ ಮಗ ಹತ್ತಿರದ ಹೋಂಸ್ಟೇಯಲ್ಲಿ ಕೆಲಸಕ್ಕಿದ್ದಾನೆ. ಬೆಂಗಳೂರಿನಿಂದ ಬಂದವರಿಗೆ ಹೆಲ್ಮೆಟ್ ತೊಡಿಸಿ, ಸೊಂಟಕ್ಕೆ ತೊಡೆಗೆ ಪಟ್ಟಿ ಬಿಗಿದು, ಎರಡೆರಡು ಕೊಕ್ಕೆ ಸಿಕ್ಕಿಸಿ, ಮರದಿಂದ ಮರಕ್ಕೆ ತಂತಿಯ ಮೇಲೆ ಜಾರಿಸುವುದು ಅವನ ಕೆಲಸ. ಅಪ್ಪ ಅದರ ಎರಡರಷ್ಟು ಎತ್ತರದಲ್ಲಿ ಹವಾಯಿ ಚಪ್ಪಲಿ ಕೆಳಗೆ ಬಿಟ್ಟು ಬರಿಗಾಲಲ್ಲಿ ನಿಂತಿರುತ್ತಾರೆ. ಹೋದ ವರ್ಷ ಮಗನನ್ನೇ ಕೇಳಿ ಅಂಥದ್ದೇ ಒಂದು ಪಟ್ಟಿ ತರಿಸಿಕೊಟ್ಟೆ. ಮೊದಲ ದಿನ ಮೇಸ್ತ್ರಿ “ಎತ್ತಿಗೆ ಕಟ್ದಂಗೆ ಕಟ್ತೀರಲ್ಲ” ಎಂದು ನಕ್ಕರು. ಈಗ ದೊಡ್ಡ ಮರಗಳಿಗೆ ಕೇಳಿ ಕಟ್ಟಿಸಿಕೊಳ್ಳುತ್ತಾರೆ. ಕಟ್ಟಿಕೊಡುವ ಕೆಲಸ ನನ್ನದು. ಇಪ್ಪತ್ತು ವರ್ಷ ಕೆಳಗೆ ನಿಂತಿದ್ದಕ್ಕೆ ಸಿಕ್ಕ ಮೊದಲ ಕೆಲಸ.

ಮೇಸ್ತ್ರಿಗೆ ಈಗ 62. ತಂಡದಲ್ಲಿ ನಾಲ್ಕು ಜನ, ಎಲ್ಲರಿಗಿಂತ ಚಿಕ್ಕವನಿಗೆ 47. ಈ ಕೈಪಿಡಿಯಲ್ಲಿ ಅನುಮಾನವಿದ್ದರೆ ಯಾವಾಗ ಬೇಕಾದರೂ ಫೋನ್ ಮಾಡಿ. ಅವರ ನಂಬರ್ ಮಾತ್ರ ಕೇಳಬೇಡಿ, ಕೊಡುವುದಿಲ್ಲ.