ರೋಗ ಬಾರದ ಬೇಲಿ

ಬೇಲಿಗೆ ರೋಗ ಬಾರದ ಹೂಗಿಡ ಬೇಕು ಎಂದು ನಾನು ಬಾಯಿಬಿಟ್ಟದ್ದೇ ತಡ, ಬೀದಿಯವರೆಲ್ಲ ಸಸ್ಯವಿಜ್ಞಾನಿಗಳಾಗಿಬಿಟ್ಟರು. ಮಗನಿಗೆ ಹೆಣ್ಣು ಹುಡುಕುವಾಗಲೂ ಇಷ್ಟು ಸಲಹೆ ಬಂದಿರಲಿಲ್ಲ.

ನನ್ನಾಕೆಯದು ಮೊದಲಿನಿಂದಲೂ ದಾಸವಾಳದ ಪಕ್ಷ. ಕಡ್ಡಿ ಚುಚ್ಚಿದರೆ ಚಿಗುರುತ್ತದೆ, ದೇವರಿಗೂ ಹೂವಾಯಿತು. ಆದರೆ ಹಿಟ್ಟು ತಿಗಣೆ ಹತ್ತಿತೆಂದರೆ ಕುಡಿಯೆಲ್ಲ ಬಿಳಿಚಿಕೊಂಡು ಎಲೆ ಮುರುಟುತ್ತದೆ. ತಿಗಣೆ ಸುರಿಸುವ ಸಿಹಿಯ ಆಸೆಗೆ ಇರುವೆಗಳು ಅದಕ್ಕೆ ಕಾವಲು ಬೇರೆ ನಿಲ್ಲುತ್ತವೆ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪ್ಪಾಯಿ ಹಿಟ್ಟು ತಿಗಣೆಯಂತೂ ದಾಸವಾಳವನ್ನೂ ಬಿಡಲಿಲ್ಲ. ಅದನ್ನು ಅಡಗಿಸಲು 2010ರಲ್ಲಿ ಪೋರ್ಟೊರಿಕೊದಿಂದ ಬೆಂಗಳೂರಿಗೆ ಒಂದು ಪುಟಾಣಿ ಕಣಜವನ್ನು ತರಿಸಬೇಕಾಯಿತು. ಹೊರದೇಶದ ವೈದ್ಯರು ಬೇಕಾಗುವ ಗಿಡ ಪಿಂಚಣಿದಾರನಿಗೆ ಹೇಳಿದ್ದಲ್ಲ ಎಂದೆ.

"ಕಣಗಿಲೆ ಹಾಕಿ ಸಾರ್, ದನಾನೂ ಮುಟ್ಟಲ್ಲ" ಎಂದರು ಎದುರುಮನೆಯವರು. ನಿಜ, ಹೆದ್ದಾರಿ ನಡುವೆ ಹೊಗೆ ಕುಡಿದುಕೊಂಡೇ ಹೂ ಬಿಡುವ ಗಟ್ಟಿ ಜೀವ ಅದು. ದನ ಮುಟ್ಟದಿರುವುದಕ್ಕೆ ಕಾರಣ, ಬೇರಿನಿಂದ ಹೂವಿನ ತನಕ ಹೃದಯಕ್ಕೇ ಕೈಹಾಕುವ ವಿಷ. ಕಂಡದ್ದನ್ನೆಲ್ಲ ಬಾಯಿಗಿಡುವ ಮೊಮ್ಮಗಳಿರುವ ಮನೆ ನಮ್ಮದು. ಬೇಡವೆಂದೆ.

ಅಷ್ಟಕ್ಕೂ ಈ ಆಸೆ ನನಗೊಬ್ಬನಿಗೇ ಹುಟ್ಟಿದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರು ಅಂಥದೇ ಒಂದು ಚೆಂದದ ಗಿಡವನ್ನು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಆಮೇಲೆ ಅದು ಬೇಲಿಗೂ ಬಂತು. ರೋಗ ಬಗ್ಗಿಸಲಿಲ್ಲ, ದನ ತಿನ್ನಲಿಲ್ಲ, ನೀರು ಕೇಳಲಿಲ್ಲ, ಬೀಜ ಬಿತ್ತುವ ಕೆಲಸವನ್ನು ಹಕ್ಕಿಗಳೇ ವಹಿಸಿಕೊಂಡವು. ಅದೇ ಲಂಟಾನ! ಈಗ ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡುಗಳಲ್ಲಿ ಆನೆ ಜಿಂಕೆಗಳ ಮೇವಿನ ಜಾಗವನ್ನೆಲ್ಲ ಅದು ನುಂಗಿ ಕೂತಿದೆ. ದಾಸವಾಳವನ್ನು ಉಳಿಸಲು ಹುಳ ತರಿಸಿದೆವಲ್ಲ, ಲಂಟಾನವನ್ನು ಕಾಯಿಲೆ ಬೀಳಿಸಲೆಂದೂ ಹೊರಗಿನಿಂದ ಹುಳ ತರಿಸಿದ್ದಾಯಿತು. ಜಪ್ಪಯ್ಯ ಎಂದರೂ ಅದು ಜಗ್ಗಲಿಲ್ಲ. ಮಲೆ ಮಹದೇಶ್ವರ ಬೆಟ್ಟದವರು ಅದರ ಕಡ್ಡಿಯಲ್ಲಿ ಕುರ್ಚಿ ಹೆಣೆಯುತ್ತಾರೆ, ಅದೊಂದೇ ಲಾಭ.

ಇಷ್ಟೆಲ್ಲ ಕೇಳಿದ ನನ್ನಾಕೆ, "ಕಾಯಿಲೆ ಬರದೇ ಇರೋದು ನಿಮ್ಮ ಮಾತಿಗೊಂದೇ" ಎಂದು ಹೇಳಿ ತವರಿನಿಂದ ದಾಸವಾಳದ ಕಡ್ಡಿ ತರಿಸಿಯೇಬಿಟ್ಟಳು. ಬೇಲಿ ಈಗ ಎದೆಯೆತ್ತರಕ್ಕಿದೆ. ತಿಗಣೆಯೂ ಇದೆ. ಕುಡಿ ಚಿವುಟಿ ಸುಡುತ್ತೇನೆ, ಪೈಪಿನ ನೀರು ರಭಸವಾಗಿ ಬಿಡುತ್ತೇನೆ, ತೀರಾ ಮಿತಿಮೀರಿದರೆ ಸೋಪಿನ ನೀರಿಗೆ ಬೇವಿನೆಣ್ಣೆ ಬೆರೆಸಿ ಹೊಡೆಯುತ್ತೇನೆ.

ನಸುಕಿನಲ್ಲಿ ಕವರ್ ಹಿಡಿದು ವಾಕಿಂಗ್ ಬರುವ ಭಕ್ತರಲ್ಲಿ ಒಂದು ವಿನಂತಿ. ಹೂವನ್ನು ಹೇಗೂ ಕೇಳದೇ ಕೀಳುತ್ತೀರಿ, ಪುಣ್ಯ ನಿಮಗೇ ಬರಲಿ. ಹಾಗೆಯೇ ಬಿಳಿ ಹಿಟ್ಟು ಹತ್ತಿದ ಕುಡಿ ಕಂಡರೆ ಅದನ್ನೂ ಚಿವುಟಿಕೊಂಡು ಹೋಗಿ.