‘ಹನ್ನೆರಡನೇ ಕಾಲಂ ವಿಷಯ ಮಾತ್ರ ಕೇಳಬೇಡಿ’: ಪಹಣಿಯವರ ಜೊತೆ ಹತ್ತು ನಿಮಿಷ

ನಾಡಕಚೇರಿಯ ಪ್ರಿಂಟರಿನಿಂದ ಆಗತಾನೇ ಇಳಿದಿದ್ದರು, ಮೈ ಇನ್ನೂ ಬೆಚ್ಚಗಿತ್ತು. ತುಮಕೂರು ಸೀಮೆಯ ಎರಡೆಕರೆ ಹತ್ತು ಗುಂಟೆ ಖುಷ್ಕಿಯ ಪಹಣಿ. ಖಾತೆದಾರರು ಎದುರಿನ ಅಂಗಡಿಗೆ ಟೀ ಕುಡಿಯಲು ಹೋಗಿದ್ದರಿಂದ ಮಾತಿಗೆ ಬಿಡುವಾಯಿತು.

ಪಹಣಿಯವರೇ, ವಿಶ್ವಸಂಸ್ಥೆ 2026 ಅನ್ನು ಮಹಿಳಾ ರೈತರ ಅಂತರರಾಷ್ಟ್ರೀಯ ವರ್ಷ ಅಂತ ಘೋಷಿಸಿದೆ. ನಿಮ್ಮ ತಯಾರಿ?

ಸುತ್ತೋಲೆ ಬಂದಿಲ್ಲ. ಬಂದರೂ ಯಾವ ಕಾಲಂಗೆ ಹಾಕ್ಕೊಳ್ಳಲಿ? ಅಂಚಲ್ಲಿ ಬರೆದಿದ್ದು ಊರ್ಜಿತ ಆಗಲ್ಲ.

ನಿಮ್ಮ ಹೊಲ ಮಾಡೋರು ಯಾರು?

ಒಂಬತ್ತನೇ ಕಾಲಂನಲ್ಲಿ ಮಾಲೀಕರು, ಹನ್ನೆರಡನೇದರಲ್ಲಿ ಸಾಗುವಳಿದಾರರು. ಎರಡರಲ್ಲೂ ಒಂದೇ ಹೆಸರು, ಓದ್ಕೊಳ್ಳಿ.

ಅವರು ಹೊಲದ ಕಡೆ ಬರ್ತಾರಾ?

ಬಿತ್ತನೆ ದಿನ ಬಂದಿದ್ದರು. ಟ್ರ್ಯಾಕ್ಟರಿನವನಿಗೆ ಬದು ತೋರಿಸಿ ಹೋದರು.

ಆಮೇಲೆ?

ಆಮೇಲಿನದು ಕೆಲಸ ಅಲ್ಲವಲ್ಲ, ಅವರ ಮನೆಯಾಕೆ ಮಾಡ್ಕೊಳ್ಳೋದು. ರಾಗಿ ಕಳೆ ಕೀಳೋದು, ಕುಯ್ಲು, ಮೆದೆ, ಕಣ. ತೊಗರಿ ಬೀಜಕ್ಕೆ ಕೆಮ್ಮಣ್ಣು ಸವರಿ ಒಣಗಿಸಿ ಮಡಕೆಗೆ ತುಂಬೋದು. ಮುಂದಿನ ವರ್ಷ ಯಾವ ತಳಿ ಹಾಕಬೇಕು ಅಂತ ಆಯಮ್ಮ ಆ ಮಡಕೆ ಮುಂದೆ ಕೂತೇ ತೀರ್ಮಾನ ಮಾಡ್ತಾರೆ. ಮಡಕೆಗೆ ಸರ್ವೆ ನಂಬರ್ ಇಲ್ಲ, ನಾನೇನು ಮಾಡಲಿ?

ಆದರೆ ಇದನ್ನೆಲ್ಲ ಸಂಶೋಧನೆ ಕಂಡುಕೊಂಡಿದೆ. ಕೃಷಿಯಲ್ಲಿ ಮಹಿಳೆಯರ ಬಗ್ಗೆಯೇ 1996ರಿಂದ ಭುವನೇಶ್ವರದಲ್ಲಿ ಕೇಂದ್ರದ ಒಂದು ಸಂಸ್ಥೆ ಇದೆ.

ಕೇಳಿದ್ದೀನಿ. ಹೆಂಗಸರ ಎತ್ತರ, ಕೈಯಳತೆ, ಹಿಡಿತದ ಬಲ ಎಲ್ಲ ಅಳೆದು ಅದಕ್ಕೆ ತಕ್ಕ ಸಲಕರಣೆ ಬೇಕು ಅಂತಾರಂತೆ. ಒಳ್ಳೇದೇ. ಗಂಡಸಿನ ಅಳತೆಗೆ ಮಾಡಿದ ಹಿಡಿ ಹಿಡ್ಕೊಂಡು ಬೊಬ್ಬೆ ಎದ್ದ ಕೈ ನಾನೂ ನೋಡಿದ್ದೀನಿ. ಆದರೆ ಆ ಸಲಕರಣೆಗೆ ಸಬ್ಸಿಡಿ ಕೇಳೋಕೆ ಹೋದರೆ ಕೌಂಟರಿನಲ್ಲಿ ಮೊದಲು ಕೇಳೋದು ಯಾರನ್ನ ಹೇಳಿ? ನನ್ನನ್ನ! (ಇಲ್ಲಿ ಪಹಣಿಯವರು ಹೆಮ್ಮೆಯಿಂದ ಒಮ್ಮೆ ಸುರುಳಿಯಾಗಿ ಮತ್ತೆ ಬಿಚ್ಚಿಕೊಂಡರು.)

ಹೆಣ್ಣಿಗೂ ಗಂಡಿನಷ್ಟೇ ಬೀಜ, ಗೊಬ್ಬರ, ಸಾಲ, ಮಾಹಿತಿ ಸಿಕ್ಕರೆ ಅವಳ ಹೊಲದ ಇಳುವರಿ 100ಕ್ಕೆ 20ರಿಂದ 30ರಷ್ಟು ಹೆಚ್ಚಬಹುದು ಅಂತ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2011ರಲ್ಲೇ ಹೇಳಿತ್ತು.

‘ಅವಳ ಹೊಲ’ ಅಂದರಲ್ಲ, ಅಲ್ಲೇ ನಿಲ್ಲಿಸಿ. 2015-16ರ ಕೃಷಿ ಗಣತಿ ತೆಗೆದು ನೋಡಿ. ದೇಶದಲ್ಲಿ ಹಿಡುವಳಿದಾರರು ಅಂತ ಲೆಕ್ಕಕ್ಕೆ ಸಿಕ್ಕ ಹೆಂಗಸರು 100ಕ್ಕೆ ಸುಮಾರು 14. ಇನ್ನೊಂದು ಗುಟ್ಟು ಹೇಳಲಾ? ಅಧ್ಯಯನಕ್ಕೆ ಅಂತ ಕೆಲವರು ಊರಿಗೆ ಬಂದಾಗ ರೈತರ ಪಟ್ಟಿ ಬೇಕು ಅಂತ ನನ್ನ ಹತ್ತಿರವೇ ಬರ್ತಾರೆ. ಪಟ್ಟಿ ಹಿಡಿದು ಮನೆಗೆ ಹೋಗಿ, ಜಗಲಿ ಮೇಲೆ ಕೂತವರನ್ನ ‘ನಿಮ್ಮ ಮನೆ ಹೆಂಗಸರು ಎಷ್ಟು ಹೊತ್ತು ದುಡೀತಾರೆ’ ಅಂತ ಕೇಳ್ತಾರೆ. ಒಳಗಿಂದ ಟೀ ಬರುತ್ತೆ. ತಂದವರನ್ನ ಕೇಳಲ್ಲ.

ನಿಮ್ಮ ಮೈಮೇಲೆ ಹೆಣ್ಣಿನ ಹೆಸರು ಬರೋದೇ ಇಲ್ಲವೇ?

ಬರುತ್ತಪ್ಪ. ಪೌತಿ ಖಾತೆ ಆದಾಗ. ಗಂಡ ತೀರ್ಕೊಂಡ ಮೇಲೆ ಹೆಸರಿನ ಮುಂದೆ ‘ಕೋಂ’ ಅಂತ ಹಾಕಿ, ಹೋದವರ ಹೆಸರು ಸೇರಿಸ್ತೀವಿ. ಮೂವತ್ತು ವರ್ಷ ಕಳೆ ಕಿತ್ತರೂ ಆಗದ ರೈತಳು ಒಂದು ಮರಣ ಪ್ರಮಾಣಪತ್ರದಿಂದ ಆಗ್ತಾಳೆ. ಅಲ್ಲೀವರೆಗೆ ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ ಯಜಮಾನರ ಖಾತೆಗೆ.

ಕೃಷಿ ವಿಜ್ಞಾನಿ ಎಂ.ಎಸ್. ಸ್ವಾಮಿನಾಥನ್ ಅವರು ರಾಜ್ಯಸಭೆಯಲ್ಲಿ ಮಹಿಳಾ ರೈತರ ಹಕ್ಕುಗಳ ಖಾಸಗಿ ಮಸೂದೆ ತಂದಿದ್ದರಲ್ಲ, 2011ರದ್ದು?

ಅಯ್ಯೋ, ನೆನಪಿಸಬೇಡಿ. ದುಡಿಯೋ ಹೆಣ್ಣಿಗೆ ಗ್ರಾಮ ಪಂಚಾಯಿತಿಯಿಂದಲೇ ‘ರೈತ ಮಹಿಳೆ’ ಅಂತ ಪ್ರಮಾಣಪತ್ರ ಕೊಡಬೇಕು ಅಂದಿದ್ದರು. ನನಗೆ ಸವತಿ ತರೋಕೆ ಹೊರಟಿದ್ದರು ಸ್ವಾಮಿ! ಪುಣ್ಯಕ್ಕೆ ಆ ಮಸೂದೆ ಬಿದ್ದುಹೋಯಿತು. ರೈತ ಅಂದರೆ ನಾನು ಯಾರ ಹೆಸರಲ್ಲಿ ಇದ್ದೀನೋ ಅವನು, ಅಷ್ಟೇ.

ಹೆಣ್ಣುಮಕ್ಕಳಿಗೆ ಪಾಲು ಅಂತ ಕಾನೂನೇ ಇದೆ.

ಇದೆ. ಕರ್ನಾಟಕದಲ್ಲಿ 1994ರಿಂದಲೇ, ಆಗ ಮದುವೆಯಾಗದಿದ್ದವರಿಗೆ. 2005ರಲ್ಲಿ ಇಡೀ ದೇಶಕ್ಕೆ ಬಂತು, ಮದುವೆಯಾದವರಿಗೂ. ಕಾನೂನಿನ ಹಿಂದೆಯೇ ಹಕ್ಕು ಬಿಡುಗಡೆ ಪತ್ರವೂ ಬಂತು. ‘ಅರಿಶಿನ ಕುಂಕುಮಕ್ಕೆ’ ಅಂತ ಒಂದಿಷ್ಟು ಕೊಟ್ಟು, ಒಂದು ಸೀರೆ ಉಡಿಸಿ, ಅಣ್ಣ ಬೈಕಿನಲ್ಲಿ ಕೂರಿಸ್ಕೊಂಡು ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಕರ್ಕೊಂಡು ಹೋಗ್ತಾನೆ. ದಾರೀಲಿ ಮಸಾಲೆ ದೋಸೆ. ತವರು ಉಳೀಲಿ ಅಂತ ಅವಳೂ ಹೆಬ್ಬೆಟ್ಟು ಒತ್ತುತ್ತಾಳೆ. ಈಗೀಗ ಸಹಿ ಹಾಕ್ತಾಳೆ, ಓದಿದ್ದಾಳಲ್ಲ.

ಇದು ಅನ್ಯಾಯ ಅಂತ ನಿಮಗೆ ಯಾವತ್ತೂ ಅನ್ನಿಸಿಲ್ಲವೇ?

ನಾನು ಕಾಗದ. ಬರೆಸಿದ್ದನ್ನ ಹೇಳ್ತೀನಿ. ಅಂದಹಾಗೆ, ತಾವು ಯಾವ ಊರಿನೋರು?

ಇಲ್ಲೇ, ಪಕ್ಕದ ಹೋಬಳಿ.

ಹೌದಲ್ಲ, ಅಂದ್ಕೊಂಡೆ. ಕೆರೆ ಕೆಳಗೆ ಒಂದೂವರೆ ಎಕರೆ ತರಿ. ಮೊದಲು ನಾಲ್ಕು ಹೆಸರಿತ್ತು, ಈಗ ಎರಡೇ ಇದೆ. ಇಬ್ಬರು ಅಕ್ಕಂದಿರು ಅಲ್ಲವೇ ತಮಗೆ?

ಖಾತೆದಾರರು ಟೀ ಮುಗಿಸಿ ಬರ್ತಿದ್ದಾರೆ ಅನ್ಸುತ್ತೆ. ಇವತ್ತಿಗೆ ಇಷ್ಟು ಸಾಕು.

ಬರಲಿ ಬಿಡಿ, ಅವರಿಗೂ ತಂಗಿ ಇದ್ದಾಳೆ.